ಕಸಿ ಕಿಡ್ನಿಯ ಮೇಲೆ ಹರ್ನಿಯಾ: ಮೆಶ್ ಎಲ್ಲಿ ಹಾಕ್ತೀರಿ?

#1 ಪದರಪದರ
ಒಂದು ಸನ್ನಿವೇಶ ಇಟ್ಕೊಂಡು ಮಾತಾಡೋಣ. ವಯಸ್ಸು 54, ಕಿಡ್ನಿ ಕಸಿ ಆಗಿ 14 ತಿಂಗಳು. ಬಲಗಡೆ ಕೆಳಹೊಟ್ಟೆಯ ಹಳೇ ಗಾಯದಲ್ಲಿ ಹರ್ನಿಯಾ (ಹೊಟ್ಟೆಗೋಡೆಯ ಸೀಳಿನಿಂದ ಒಳಗಿನದು ಹೊರಗೆ ಉಬ್ಬೋದು). ನಿಂತರೆ ಉಬ್ಬುತ್ತೆ, ಮಲಗಿದರೆ ಒಳಗೆ ಹೋಗುತ್ತೆ. ಸಿಟಿಯಲ್ಲಿ ಸೀಳಿನ ಅಗಲ 8 ಸೆಂ.ಮೀ. ಕಿಡ್ನಿ ಕೆಲಸ ತೋರಿಸುವ ರಕ್ತದ ಕ್ರಿಯಾಟಿನಿನ್ 1.4ಕ್ಕೆ ನಿಂತಿದೆ. ಬಿಎಂಐ 31. ದೇಹ ಕಸಿಯನ್ನ ತಿರಸ್ಕರಿಸದ ಹಾಗೆ ಇಮ್ಯೂನಿಟಿ ತಗ್ಗಿಸುವ ಮದ್ದು: ಕಡಿಮೆ ಪ್ರಮಾಣದ ಟ್ಯಾಕ್ರೊಲಿಮಸ್, ಎವೆರೊಲಿಮಸ್, ಸ್ಟೀರಾಯ್ಡ್ ಆದ ಪ್ರೆಡ್ನಿಸೊಲೋನ್ 5 ಮಿ.ಗ್ರಾಂ.

ನಡುಗೆರೆಯ ಹರ್ನಿಯಾ ಆಗಿದ್ರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಹೊಟ್ಟೆಯ ಮುಂದಿನ ಉದ್ದ ಸ್ನಾಯು ರೆಕ್ಟಸ್ ಹಿಂದೆ ಮೆಶ್ (ಗೋಡೆಗೆ ಆಸರೆ ಕೊಡುವ ಜಾಲರಿ), ಸೀಳಿನಾಚೆ ಸುತ್ತಲೂ 5 ಸೆಂ.ಮೀ. ಚಾಚು. ಇಲ್ಲಿ ಆ ಜಾಗದಲ್ಲೇ ಕಿಡ್ನಿ ಕೂತಿದೆ. ಹಾಗಾದ್ರೆ ಮೆಶ್ ಎಲ್ಲಿ? ಸ್ನಾಯುವಿನ ಮೇಲೆ ಆನ್‌ಲೇ? ಪದರಗಳ ನಡುವೆ? ಒಳಗಿಂದ ಲ್ಯಾಪರೊಸ್ಕೋಪಿಯಲ್ಲಿ? ಮದ್ದಿನ ವಿಷಯದಲ್ಲಿ ಏನು ಬದಲಿಸ್ತೀರಿ, ಯಾವಾಗ?

#2 ಗಿಬ್ಸನ್ ಗೆರೆ
ಮೆಶ್ ಮಾತು ಆಮೇಲೆ. ಮೊದಲು ಕಸಿ ಮಾಡಿದ ದಿನದ ಆಪರೇಷನ್ ಟಿಪ್ಪಣಿ ತರಿಸಿ ಓದಿ. ಅದರಲ್ಲಿ ಹುಡುಕಬೇಕಾದ್ದು ಇಷ್ಟು: ಕೊಯ್ದಿದ್ದು ಓರೆಯಾದ ಗಿಬ್ಸನ್ ಗೆರೆಯೋ, ರೆಕ್ಟಸ್ ಅಂಚಿಗೆ ಉದ್ದಕ್ಕೆ ಹೋಗುವ ಹಾಕಿಸ್ಟಿಕ್ ಗೆರೆಯೋ. ಮುಚ್ಚಿದ್ದು ಒಂದೇ ಪದರದಲ್ಲೋ ಎರಡರಲ್ಲೋ. ಇನ್‌ಫೀರಿಯರ್ ಎಪಿಗ್ಯಾಸ್ಟ್ರಿಕ್ ರಕ್ತನಾಳ ಕಟ್ಟಿದ್ದಾರಾ. ಕರುಳನ್ನ ಸುತ್ತುವ ಪೊರೆ ಪೆರಿಟೋನಿಯಂ ಹರಿದಿತ್ತಾ. ಆಮೇಲೆ ಲಿಂಫೋಸೀಲ್ (ಕಿಡ್ನಿ ಪಕ್ಕ ಲಿಂಫ್ ದ್ರವ ಕಟ್ಟಿಕೊಳ್ಳೋದು), ಮೂತ್ರ ಸೋರಿಕೆ, ಗಾಯದ ಸೋಂಕು, ಎರಡನೇ ಸಲ ತೆರೆದದ್ದು ಏನಾದ್ರೂ ಇದೆಯಾ.

ಎಪಿಗ್ಯಾಸ್ಟ್ರಿಕ್ ಯಾಕೆ ಕೇಳ್ತೀನಿ ಅಂದ್ರೆ, ಕಸಿಯಲ್ಲಿ ಅದನ್ನ ಕಟ್ಟಿ ಕತ್ತರಿಸೋದು ಮಾಮೂಲು. ಆ ಬದಿಯ ಕೆಳಹೊಟ್ಟೆ ಚರ್ಮಕ್ಕೆ ರೆಕ್ಟಸ್ ಮೂಲಕ ಬರುವ ರಕ್ತ ಆಗಲೇ ಕಮ್ಮಿ ಆಗಿರುತ್ತೆ. ಅದರ ಮೇಲೆ ಆನ್‌ಲೇ ಅಂತ ಅಗಲವಾಗಿ ಚರ್ಮ ಎಬ್ಬಿಸಿದರೆ ಗಾಯದ ಅಂಚು ಕಪ್ಪಾಗುತ್ತೆ. ಸ್ಟೀರಾಯ್ಡ್, ಎವೆರೊಲಿಮಸ್ ಮೇಲಿರುವವರಲ್ಲಿ ಅಂಚು ಕಪ್ಪಾದರೆ ಮುಂದಿನದು ಮೆಶ್ ಸೋಂಕು.

#3 ಮೆಶ್ ಮಾತು
ಹೊಟ್ಟೆಯ ಪಕ್ಕದ ಗೋಡೆಯಲ್ಲಿ ಹೊರಗಿನಿಂದ ಒಳಕ್ಕೆ ಮೂರು ಸ್ನಾಯು ಪದರ: ಎಕ್ಸ್‌ಟರ್ನಲ್ ಆಬ್ಲಿಕ್, ಇಂಟರ್ನಲ್ ಆಬ್ಲಿಕ್, ಟ್ರಾನ್ಸ್‌ವರ್ಸಸ್. ನನ್ನ ಮತ ಎಕ್ಸ್‌ಟರ್ನಲ್ ಆಬ್ಲಿಕ್ ಮತ್ತು ಇಂಟರ್ನಲ್ ಆಬ್ಲಿಕ್ ನಡುವಿನ ಪದರಕ್ಕೆ. ಕಾರಣ ಎರಡು. ಒಂದು, ಹೊಟ್ಟೆಗೋಡೆಯ ಸ್ನಾಯುಗಳಿಗೆ ಹೋಗುವ ದೊಡ್ಡ ನರಗಳು ಇಂಟರ್ನಲ್ ಆಬ್ಲಿಕ್ ಮತ್ತು ಟ್ರಾನ್ಸ್‌ವರ್ಸಸ್ ನಡುವೆ ಓಡ್ತವೆ. ಹೊರಗಿನ ಪದರ ಬಿಡಿಸಿದರೆ ಅವಕ್ಕೆ ಪೆಟ್ಟಿಲ್ಲ. ಎರಡು, ಕಿಡ್ನಿಗೂ ಮೆಶ್‌ಗೂ ನಡುವೆ ಜೀವಂತ ಸ್ನಾಯು ಉಳಿಯುತ್ತೆ.

ಕ್ರಮ ಹೀಗೆ. ಹಳೇ ಗೆರೆಯಲ್ಲೇ ಚರ್ಮ ಬಿಡಿಸಿ, ಹರ್ನಿಯಾ ಚೀಲವನ್ನ ಅಂಚಿನವರೆಗೆ ಬಿಡಿಸಿ. ಸಾಧ್ಯವಾದ್ರೆ ಚೀಲ ತೆರೆಯಬೇಡಿ. ಕರುಳು ಅಂಟಿದ್ರೆ ಮಾತ್ರ, ಅದೂ ಕಿಡ್ನಿಯಿಂದ ದೂರ, ಒಳಬದಿಯ ಮೇಲ್ತುದಿಯಲ್ಲಿ ತೆರೆಯಿರಿ. ಸೀಳಿನ ಅಂಚಲ್ಲಿ ಪದರಗಳು ಗಾಯದ ಕಲೆಯಿಂದ ಬೆಸೆದಿರ್ತವೆ, ಅಲ್ಲಿಂದ ಶುರು ಮಾಡಿದ್ರೆ ದಾರಿ ತಪ್ಪೋದು ಖಚಿತ. ಅಂಚಿನಿಂದ 3-4 ಸೆಂ.ಮೀ. ದೂರದ ಹಿಂದೆ ಕತ್ತಿ ತಾಗದ ಜಾಗದಲ್ಲಿ ಎಕ್ಸ್‌ಟರ್ನಲ್ ಆಬ್ಲಿಕ್ ಎಳೆಗಳು ಕಾಣುವ ಕಡೆ ಪದರ ಹಿಡಿದು ಸೀಳಿನ ಕಡೆ ಬನ್ನಿ. ಒಳಗಿನ ಪದರವನ್ನ ನಿಧಾನ ಕರಗುವ ದಾರದಲ್ಲಿ, 0 ಅಥವಾ 1 ದಪ್ಪದ ಪಿಡಿಎಸ್, ಓಡುಹೊಲಿಗೆಯಲ್ಲಿ ಮುಚ್ಚಿ. ಮೇಲೆ ಮೆಶ್ ಹಾಸಿ, ಅದರ ಮೇಲೆ ಎಕ್ಸ್‌ಟರ್ನಲ್ ಆಬ್ಲಿಕ್ ಎಳೆದು ಹೊಲಿಯಿರಿ. ಪೂರ್ತಿ ಕೂಡದಿದ್ರೆ ನಡುವೆ ಉಳಿಯುವ ಜಾಗದಲ್ಲಿ ಮೆಶ್ ಆನ್‌ಲೇ ಆಗಿಯೇ ಇರುತ್ತೆ, ತೊಂದರೆ ಇಲ್ಲ.

ಮೆಶ್: ದೊಡ್ಡ ರಂಧ್ರದ ಪಾಲಿಪ್ರೊಪಿಲೀನ್, ರಂಧ್ರ 1 ಮಿ.ಮೀ.ಗಿಂತ ದೊಡ್ಡದು, ತೂಕ ಚದರ ಮೀಟರಿಗೆ 40-60 ಗ್ರಾಂ.

#4 ಕೀಹೋಲ್
@ಮೆಶ್ ಮಾತು, ಮೇಲಿನ ಪದರದ ಮೆಶ್‌ಗೆ ಹೊಟ್ಟೆಯ ಒತ್ತಡ ಹೊರಗೆ ತಳ್ಳುತ್ತೆ. ಒಳಗಿನ ಮೆಶ್ ಅನ್ನ ಅದೇ ಒತ್ತಡ ಗೋಡೆಗೆ ಒತ್ತಿ ಹಿಡಿಯುತ್ತೆ. ಈ ಭೌತಶಾಸ್ತ್ರ ಕಸಿ ರೋಗಿಗೂ ಬದಲಾಗಲ್ಲ. ಸೋಂಕು ತಪ್ಪಿಸಬೇಕು ಅಂದ್ರೆ ಲ್ಯಾಪರೊಸ್ಕೋಪಿ. ಹಳೇ ಗಾಯವನ್ನ ಮುಟ್ಟೋದೇ ಇಲ್ವಲ್ಲ.

#5 ಮೆಶ್ ಮಾತು
ಒತ್ತಡದ ಮಾತು ಒಪ್ತೀನಿ. ಆದ್ರೆ ಒಳಗಿಂದ ನೋಡಿದಾಗ ಕಿಡ್ನಿ ಪೆರಿಟೋನಿಯಂ ಹಿಂದಿನಿಂದ ಗುಡ್ಡದ ಹಾಗೆ ಉಬ್ಬಿರುತ್ತೆ. ಸೀಳಿನ ಹೊರ ಅಂಚಿನಾಚೆಗೆ 5 ಸೆಂ.ಮೀ. ಚಾಚು ಅಂದ್ರೆ ಮೆಶ್ ಆ ಗುಡ್ಡದ ಮೇಲೇ ಮಲಗಬೇಕು. ಅಲ್ಲಿ ಟ್ಯಾಕ್ (ಮೆಶ್ ಹಿಡಿಸುವ ಸಣ್ಣ ಮೊಳೆ) ಎಲ್ಲಿ ಹೊಡೀತೀರಿ? ಕೆಳಗೆ ಕಿಡ್ನಿಯ ಹೊರಪೊರೆ ಕ್ಯಾಪ್ಸುಲ್, ಪಕ್ಕದಲ್ಲಿ ಕಾಲಿನ ಕಡೆ ಹೋಗುವ ಇಲಿಯಾಕ್ ರಕ್ತನಾಳ, ಮುಂದೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ಒಯ್ಯುವ ನಾಳ ಯುರೇಟರ್.

#6 ಕೀಹೋಲ್
ಟ್ಯಾಕ್ ಹೊಡೆಯೋ ಮಾತೇ ಇಲ್ಲ ಅಲ್ಲಿ. ಒಳ ಅಂಚು, ಮೇಲಂಚಿಗೆ ಟ್ಯಾಕ್ ಅಥವಾ ಗೋಡೆ ದಾಟುವ ಹೊಲಿಗೆ. ಕಿಡ್ನಿಯ ಮೇಲಿನ ಭಾಗಕ್ಕೆ ಫೈಬ್ರಿನ್ ಅಂಟು ಮಾತ್ರ. ಕೆಳಗೆ ಸೊಂಟದ ಮುಂದಿನ ಎಲುಬು ಪ್ಯೂಬಿಸ್ ಮೇಲಿರುವ ಕೂಪರ್ ಲಿಗಮೆಂಟ್‌ಗೆ ಹಿಡಿಸಬಹುದು, ಮೂತ್ರಕೋಶವನ್ನ ತುಂಬಿಸಿ ಅದರ ಅಂಚು ನೋಡಿಕೊಂಡ ಮೇಲೆ. ತೊಡೆಸಂದಿನ ಇಲಿಯೊಪ್ಯೂಬಿಕ್ ಪಟ್ಟಿಯ ಕೆಳಗೆ, ಹೊರಬದಿಗೆ ಏನೂ ಬೇಡ. ಅಲ್ಲಿ ರಕ್ತನಾಳದ ಜತೆ ತೊಡೆಯ ಚರ್ಮದ ನರಗಳೂ ಇದಾವೆ.

ಲ್ಯಾಪರೊಸ್ಕೋಪಿಗೆ ಹೊಟ್ಟೆಯೊಳಗೆ ತುಂಬುವ ಗಾಳಿಯ ಒತ್ತಡ 12 ಎಂಎಂಎಚ್‌ಜಿ ದಾಟಿಸಬೇಡಿ, ಜಾಗ ಸಿಕ್ಕರೆ 8-10 ಸಾಕು. ಪೋರ್ಟ್‌ಗಳೆಲ್ಲ ಎದುರು ಬದಿಯಿಂದ.

#7 ಅರಿವಳಿಕೆ ಮೇಜು
ಒತ್ತಡದ ಅಂಕಿ ಹಾಕಿದ್ದಕ್ಕೆ ಥ್ಯಾಂಕ್ಸ್. ಕಸಿ ಕಿಡ್ನಿಗೆ ಹಿಂದೆ ಬೆನ್ನಿನ ಸ್ನಾಯು, ಸುತ್ತ ಕೊಬ್ಬು ಇರೋ ಮೆತ್ತೆ ಇಲ್ಲ. ಗಾಳಿ ತುಂಬಿದಾಗ ಎಲುಬಿಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುತ್ತೆ. ಅದೇ ಹೊತ್ತಿಗೆ ರಕ್ತದೊತ್ತಡ ಇಳಿದರೆ ಎರಡು ಪೆಟ್ಟು ಒಟ್ಟಿಗೆ. ಸರಾಸರಿ ರಕ್ತದೊತ್ತಡ 70ರ ಮೇಲೆ ಇಡಿ. ಯಾವಾಗಲೂ ಬಿಪಿ ಜಾಸ್ತಿ ಇರುವವರಿಗೆ ಅವರ ಮಾಮೂಲಿ ಮಟ್ಟದ ಹತ್ತಿರ.

#8 ನೆರಳುಬೆಳಕು
ಸಿಟಿ ವರದಿಯಲ್ಲಿ ಬರೀ "ಇನ್‌ಸಿಷನಲ್ ಹರ್ನಿಯಾ, 8 ಸೆಂ.ಮೀ." ಅಂತ ಬಂದಿದ್ರೆ ಅದು ಅರ್ಧ ವರದಿ. ಕೇಳಿ ಪಡೆಯಬೇಕಾದ್ದು:

ಸೀಳಿನ ಹೊರ ಅಂಚಿನಿಂದ ಇಲಿಯಾಕ್ ಎಲುಬಿಗೆ (ಸೊಂಟದ ಎಲುಬು) ಎಷ್ಟು ದೂರ. ಕಿಡ್ನಿಯ ಮುಂಭಾಗ ಸ್ನಾಯುವಿಗೆ ಅಂಟಿದೆಯೋ, ನಡುವೆ ಕೊಬ್ಬಿನ ಗೆರೆ ಇದೆಯೋ. ಯುರೇಟರ್ ಎಲ್ಲಿಂದ ಎಲ್ಲಿಗೆ ಹೋಗ್ತಿದೆ. ಪಕ್ಕದಲ್ಲಿ ದ್ರವ ಇದೆಯಾ.

ಇಷ್ಟಕ್ಕೆ ಕಾಂಟ್ರಾಸ್ಟ್ ಇಲ್ಲದ ಸಿಟಿಯೇ ಸಾಕು, ಒಂದು ಸರಣಿ ಉಸಿರು ಬಿಗಿಹಿಡಿದು ಮುಕ್ಕಿದಾಗ ತೆಗೆಯಿರಿ. ಜತೆಗೆ ಆಪರೇಷನ್‌ಗೆ ಮುಂಚೆ ಒಂದು ಡಾಪ್ಲರ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಮಾಡಿ ರೆಸಿಸ್ಟಿವ್ ಇಂಡೆಕ್ಸ್, ಅಂದ್ರೆ ಕಿಡ್ನಿ ನಾಳದಲ್ಲಿ ಹರಿವಿಗೆ ಇರುವ ತಡೆಯ ಅಂಕಿ, ಬರೆದಿಡಿ. ಆಮೇಲೆ ಮೂತ್ರ ಕಮ್ಮಿ ಆದಾಗ ಹೋಲಿಸೋಕೆ ಹಳೇ ಅಂಕಿ ಇಲ್ಲದಿದ್ರೆ ಹೊಸ ಅಂಕಿಗೆ ಅರ್ಧ ಬೆಲೆ.

ಇನ್ನೊಂದು: ಕೆಲವರಲ್ಲಿ ಉಬ್ಬು ಇರುತ್ತೆ, ಸೀಳೇ ಇರಲ್ಲ. ಕೊಯ್ತದಲ್ಲಿ 11-12ನೇ ಎದೆನರ ಅಥವಾ ಇಲಿಯೊಹೈಪೊಗ್ಯಾಸ್ಟ್ರಿಕ್ ನರ ಕತ್ತರಿಸಿ ಹೋಗಿ ಸ್ನಾಯು ಸೊರಗಿರುತ್ತೆ. ಸಿಟಿಯಲ್ಲಿ ಮೂರೂ ಪದರ ತೆಳ್ಳಗೆ, ಆದರೆ ಹರಿಯದೆ ಕಾಣ್ತವೆ. ಅದು ಸುಳ್ಳು ಹರ್ನಿಯಾ. ಕರುಳು ಸಿಕ್ಕಿಕೊಳ್ಳೋಕೆ ಅಲ್ಲಿ ಕಿರಿದಾದ ಬಾಯೇ ಇಲ್ಲ.

#9 ಪದರಪದರ
@ನೆರಳುಬೆಳಕು, ಸುಳ್ಳು ಹರ್ನಿಯಾಗೆ ಆಪರೇಷನ್ ಬೇಡ ಅಂತೀರಾ?

#10 ಮೆಶ್ ಮಾತು
ಅವರ ಪರವಾಗಿ ನಾನು: ಬೇಡ ಅನ್ನಲ್ಲ, ಆದ್ರೆ ರೋಗಿಗೆ ಮೊದಲೇ ಹೇಳಿ. ಸ್ನಾಯುವನ್ನ ಮಡಚಿ ಹೊಲಿದು ಮೇಲೆ ಅಗಲ ಮೆಶ್ ಹಾಕಿದ್ರೆ ಉಬ್ಬು ತಗ್ಗುತ್ತೆ, ಎರಡೂ ಬದಿ ಒಂದೇ ಥರ ಆಗಲ್ಲ. ಸತ್ತ ನರ ಬದುಕಲ್ಲ. ಪಟ್ಟಿ ಕಟ್ಟಿ ನೆಮ್ಮದಿ ಇದ್ರೆ ಅದೇ ಸರಿ.

#11 ಗಿಬ್ಸನ್ ಗೆರೆ
ಯುರೇಟರ್ ಬಗ್ಗೆ ಬಿಡಿಸಿ ಹೇಳಬೇಕು, ಹರ್ನಿಯಾ ಮಾತ್ರ ಮಾಡುವವರಿಗೆ ಇದು ತಲೇಲಿ ಇರಲ್ಲ. ನಮ್ಮ ಹುಟ್ಟು ಯುರೇಟರ್ ಇಲಿಯಾಕ್ ನಾಳದ ಮೇಲೆ ದಾಟಿ ಹಿಂದಿನಿಂದ ಮೂತ್ರಕೋಶಕ್ಕೆ ಹೋಗುತ್ತೆ. ಕಸಿ ಯುರೇಟರ್ ಹಾಗಲ್ಲ. ಕಿಡ್ನಿಯಿಂದ ಇಳಿದು ಪೆರಿಟೋನಿಯಂ ಮುಂದೆ, ಗಂಡಸರಲ್ಲಿ ವೃಷಣದ ಹುರಿಯ ಕೆಳಗೆ ಹಾದು, ಮೂತ್ರಕೋಶದ ಮೇಲ್ಮುಂಭಾಗಕ್ಕೆ ಸೇರುತ್ತೆ. ಅಂದ್ರೆ ಇಂಗ್ವೈನಲ್ (ತೊಡೆಸಂದಿನ) ಹರ್ನಿಯಾಗೆ ಲ್ಯಾಪರೊಸ್ಕೋಪಿಯಲ್ಲಿ ಬಿಡಿಸುವ ಅದೇ ಜಾಗ. ಗಾಯದ ಕಲೆಯೊಳಗೆ ಅದು ಬಿಳೀ ದಾರದ ಹಾಗೆ, ಪಟ್ಟಿಯ ಹಾಗೆ ಕಾಣುತ್ತೆ. "ಅಂಟು" ಅಂತ ಕತ್ತರಿ ಹಾಕಿದವರು ಮರುದಿನ ಗಾಯದ ದ್ರವ ಹೊರತರುವ ಕೊಳವೆ ಡ್ರೈನ್‌ನಲ್ಲಿ ಮೂತ್ರ ನೋಡ್ತಾರೆ.

ಕಸಿ ಬದಿಯ ಇಂಗ್ವೈನಲ್ ಹರ್ನಿಯಾಗೆ ಮುಂದಿನಿಂದ ತೆರೆದೇ ಮಾಡೋದು ಒಳ್ಳೇದು ಅನ್ನೋದು ಇದಕ್ಕೇ. ಅಪರೂಪಕ್ಕೆ ಯುರೇಟರೇ ಹರ್ನಿಯಾದೊಳಗೆ ಜಾರಿ ಬಂದಿರುತ್ತೆ, ಆಗ ಕಿಡ್ನಿ ಊದಿಕೊಂಡು ಕ್ರಿಯಾಟಿನಿನ್ ಏರುತ್ತೆ. ಕಸಿ ರೋಗಿಗೆ ತೊಡೆಸಂದಿನ ಉಬ್ಬು ಜತೆಗೆ ಕ್ರಿಯಾಟಿನಿನ್ ಏರಿಕೆ ಅಂದ್ರೆ ಬಯಾಪ್ಸಿಗೆ ಮುಂಚೆ ಸ್ಕ್ಯಾನ್.

#12 ಪದರಪದರ
ಹಾಗಾದ್ರೆ ಆಪರೇಷನ್‌ಗೆ ಮುಂಚೆ ಯುರೇಟರ್ ಒಳಗೆ ಡಿಜೆ ಸ್ಟೆಂಟ್ (ಮೆತ್ತಗಿನ ಕೊಳವೆ) ಹಾಕಿಸಿಬಿಡಬಹುದಲ್ಲ? ಬೆರಳಿಗೆ ಸಿಗುತ್ತೆ.

#13 ಗಿಬ್ಸನ್ ಗೆರೆ
ಹೇಳಿದಷ್ಟು ಸುಲಭ ಅಲ್ಲ. ಹೊಸ ಬಾಯಿ ಮೂತ್ರಕೋಶದ ಮೇಲ್ಭಾಗದಲ್ಲಿರುತ್ತೆ, ಕೆಳಗಿಂದ ಸಿಸ್ಟೊಸ್ಕೋಪ್ (ಮೂತ್ರಕೋಶದ ಒಳಗೆ ನೋಡುವ ದುರ್ಬೀನು) ಹಾಕಿದರೆ ಕೋನ ಸಿಗಲ್ಲ. ಆಗದಿದ್ರೆ ಚರ್ಮದ ಮೂಲಕ ಕಿಡ್ನಿಗೆ ಸೂಜಿ ಹಾಕಿ ಮೇಲಿಂದ ಇಳಿಸಬೇಕು, ಅದಕ್ಕೆ ಅದರದೇ ಅಪಾಯ ಇದೆ. ಸಿಟಿಯಲ್ಲಿ ಯುರೇಟರ್ ಸೀಳಿನ ಕೆಳ ಅಂಚಿಗೆ ತಾಗಿದ್ರೆ ಮಾತ್ರ ಯೋಚಿಸಿ. ಇಲ್ಲದಿದ್ರೆ ಕಿಡ್ನಿಯ ಕೆಳತುದಿಗೂ ಪ್ಯೂಬಿಸ್‌ಗೂ ನಡುವೆ ಆಳಕ್ಕೆ ಇಳಿಯದೇ ಇರೋದೇ ರಕ್ಷಣೆ. ಮೂತ್ರದ ಕೊಳವೆ ಮಾತ್ರ ಕಡ್ಡಾಯ.

#14 ನೆಫ್ರಾನ್
ಈಗ ಮದ್ದು. ಮೊದಲ ಪೋಸ್ಟ್‌ನಲ್ಲಿ "ಎವೆರೊಲಿಮಸ್" ಅಂತ ಓದಿದ ತಕ್ಷಣ ದಿನಾಂಕ ನಿಗದಿ ಮಾಡೋದು ನಿಲ್ಲಿಸಿ. ಕೋಶದ ಬೆಳವಣಿಗೆ ನಡೆಸುವ ಎಂಟಾರ್ ಪ್ರೋಟೀನ್ ತಡೆಯುವ ಎರಡು ಮದ್ದು, ಸಿರೊಲಿಮಸ್ ಮತ್ತು ಎವೆರೊಲಿಮಸ್, ಗಾಯ ಕೂಡಿಸುವ ಫೈಬ್ರೊಬ್ಲಾಸ್ಟ್ ಕೋಶ ಬೆಳೆಯೋದನ್ನೇ ತಡೀತವೆ. ಹರ್ನಿಯಾ ಹುಟ್ಟೋಕೂ ಅದು ಕಾರಣ, ಮತ್ತೆ ಬರೋಕೂ ಕಾರಣ, ಲಿಂಫೋಸೀಲ್‌ಗೂ ಕಾರಣ.

ಲೆಕ್ಕ ಹಾಕಿ ನೋಡಿ. ಸಿರೊಲಿಮಸ್‌ನ ಅರ್ಧಾಯು (ರಕ್ತದಲ್ಲಿ ಅರ್ಧಕ್ಕಿಳಿಯೋಕೆ ಬೇಕಾದ ಹೊತ್ತು) ಸುಮಾರು 60 ಗಂಟೆ. ಐದು ಅರ್ಧಾಯು ಅಂದ್ರೆ 300 ಗಂಟೆ, ಹನ್ನೆರಡೂವರೆ ದಿನ. ಎವೆರೊಲಿಮಸ್ ಸುಮಾರು 30 ಗಂಟೆ, ಅದು ಆರು ದಿನದಲ್ಲಿ ಖಾಲಿ. ಹಾಗಂತ ಆರನೇ ದಿನ ಕತ್ತಿ ಹಿಡಿಯೋದಲ್ಲ, ಅದರ ಜಾಗಕ್ಕೆ ಬಂದ ಮದ್ದಿನ ಮಟ್ಟ ನಿಲ್ಲಬೇಕಲ್ಲ. ಆದ್ದರಿಂದ 2ರಿಂದ 4 ವಾರ ಮುಂಚೆ ಬದಲಾವಣೆ. ಟ್ಯಾಕ್ರೊಲಿಮಸ್ ಅನ್ನ ಪೂರ್ಣ ಮಟ್ಟಕ್ಕೆ ಏರಿಸಿ, ಎರಡು ಸಲ ಮಟ್ಟ ಸರಿ ಬಂದ ಮೇಲೆ ಆಪರೇಷನ್. ವಾಪಸ್ ಶುರು ಮಾಡೋದು ಗಾಯ ಪೂರ್ತಿ ಕೂಡಿದ ಮೇಲೆ, 6 ವಾರಕ್ಕಿಂತ ಮುಂಚೆ ಅಲ್ಲ, ಮೂರು ತಿಂಗಳು ಕಾಯುವವರೂ ಇದ್ದಾರೆ.

ಬದಲಾಯಿಸುವ ನಿರ್ಧಾರ ನೆಫ್ರಾಲಜಿಯದ್ದು. ಸರ್ಜರಿ ವಾರ್ಡಿನಲ್ಲಿ "ಗಾಯ ಕೂಡಲ್ಲ, ಎಲ್ಲ ನಿಲ್ಲಿಸಿ" ಅಂತ ಚೀಟಿ ಬರೆಯೋದು ಕಿಡ್ನಿ ಕಳೆಯುವ ದಾರಿ.

#15 ಕೀಹೋಲ್
ಇಮ್ಯೂನಿಟಿ ತಗ್ಗಿಸುವ ಇನ್ನೊಂದು ಮದ್ದು ಮೈಕೊಫಿನೊಲೇಟ್ ಇದ್ದವರಿಗೆ?

#16 ನೆಫ್ರಾನ್
ಅದೂ ಗಾಯಕ್ಕೆ ಒಳ್ಳೇದಲ್ಲ, ಆದ್ರೆ ಎಂಟಾರ್ ಮದ್ದಿನಷ್ಟು ಕೆಟ್ಟದ್ದೂ ಅಲ್ಲ. ಯೋಜಿತ ಆಪರೇಷನ್‌ಗೆ ಮುಂದುವರಿಸ್ತೀನಿ. ಗಾಯದಲ್ಲಿ ಗಂಭೀರ ಸೋಂಕು ಆದ್ರೆ ಆಗ ಕಡಿಮೆ ಮಾಡುವ ಮೊದಲ ಮದ್ದು ಅದೇ.

#17 ಗುಳಿಗೆ ಲೆಕ್ಕ
ಆಪರೇಷನ್ ದಿನದ ತಪ್ಪುಗಳು ಯಾವಾಗಲೂ ಇವೇ:

"ಬಾಯಿಗೆ ಏನೂ ಬೇಡ" ಅಂತ ಬರೆದಿದ್ದಾರೆ ಅಂತ ಬೆಳಗಿನ ಟ್ಯಾಕ್ರೊಲಿಮಸ್ ಬಿಟ್ಟುಬಿಡ್ತಾರೆ. ಒಂದು ಗುಟುಕು ನೀರಲ್ಲಿ ಕೊಡಬೇಕು. ರಕ್ತ ತೆಗೆಯೋದು ಆ ಗುಳಿಗೆಗೆ ಮುಂಚೆ, ಹಿಂದಿನ ಡೋಸ್ ಆಗಿ 12 ಗಂಟೆಗೆ. ಗುಳಿಗೆ ನುಂಗಿದ ಮೇಲೆ ತೆಗೆದರೆ ಮಟ್ಟ 20 ಅಂತ ಬಂದು ಡೋಸ್ ಸುಮ್ಮನೆ ಇಳಿಯುತ್ತೆ.

ಕರುಳು ಸುಸ್ತಾಗಿ ಎರಡು ಮೂರು ದಿನ ಬಾಯಿಗೆ ಕೊಡೋಕಾಗದಿದ್ರೆ: ಕ್ಯಾಪ್ಸೂಲ್ ಬಿಡಿಸಿ ನಾಲಿಗೆ ಕೆಳಗೆ, ಬಾಯಿಯ ಡೋಸ್‌ನ ಅರ್ಧ. ಮೈಕೊಫಿನೊಲೇಟ್ ಮೊಫೆಟಿಲ್ ರಕ್ತನಾಳಕ್ಕೆ ಅದೇ ಡೋಸ್, ಒಂದಕ್ಕೊಂದು. ಸೈಕ್ಲೊಸ್ಪೊರಿನ್ ರಕ್ತನಾಳಕ್ಕೆ ಬಾಯಿಯ ಡೋಸ್‌ನ ಮೂರನೇ ಒಂದು. ಇವನ್ನ ತಲೆಕೆಳಗು ಮಾಡಿದ್ರೆ ಕಿಡ್ನಿಗೇ ವಿಷ.

ಭೇದಿ ಆದ್ರೆ ಟ್ಯಾಕ್ರೊಲಿಮಸ್ ಮಟ್ಟ ಇಳಿಯುತ್ತೆ ಅಂತ ಅಂದುಕೊಳ್ತಾರೆ, ಆದ್ರೆ ಏರುತ್ತೆ. ಕರುಳಿನ ಗೋಡೆಯಲ್ಲಿ ಮದ್ದನ್ನ ಒಡೆಯುವ, ಹೊರತಳ್ಳುವ ವ್ಯವಸ್ಥೆ ಕೆಟ್ಟಿರುತ್ತೆ.

#18 ಅರಿವಳಿಕೆ ಮೇಜು
ಸ್ಟೀರಾಯ್ಡ್ ಸೇರಿಸಿ. ದಿನದ ಡೋಸ್ ಬಿಡಬಾರದು. 5 ಮಿ.ಗ್ರಾಂ. ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ತಿಂಗಳುಗಟ್ಟಲೆ ತಗೊಂಡವರಿಗೆ ಅರಿವಳಿಕೆ ಶುರುವಿನಲ್ಲಿ ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ., ಆಮೇಲೆ 24 ಗಂಟೆ ಮುಂದುವರಿಕೆ.

#19 ನೆಫ್ರಾನ್
5 ಮಿ.ಗ್ರಾಂ. ಇರುವ ಪ್ರತಿಯೊಬ್ಬರಿಗೂ 24 ಗಂಟೆ ಹೈಡ್ರೊಕಾರ್ಟಿಸೋನ್ ಜಾಸ್ತಿ ಆಯ್ತು. ಸಕ್ಕರೆ 300 ದಾಟುತ್ತೆ, ಗಾಯಕ್ಕೆ ಅದೇ ಕೆಟ್ಟದ್ದು. ದಿನದ ಡೋಸ್ ಜತೆ ಶುರುವಲ್ಲಿ ಒಂದೇ ಡೋಸ್ ಕೊಟ್ಟು, ಬಿಪಿ ಕಾರಣವಿಲ್ಲದೆ ಇಳಿದರೆ ಮತ್ತೆ.

#20 ಅರಿವಳಿಕೆ ಮೇಜು
8 ಸೆಂ.ಮೀ. ಸೀಳಿನ ತೆರೆದ ಆಪರೇಷನ್ ಸಣ್ಣದಲ್ಲ. ದೇಹದ ಸ್ವಂತ ಸ್ಟೀರಾಯ್ಡ್ ಮಾಡುವ ಅಡ್ರೀನಲ್ ಗ್ರಂಥಿ ಸೊರಗಿದವರಲ್ಲಿ "ಕಾದು ನೋಡೋಣ" ಅಂದ್ರೆ ಆ ಬಿಪಿ ಇಳಿಕೆಯೇ ಕಿಡ್ನಿಗೆ ಪೆಟ್ಟು. ಸಕ್ಕರೆಗೆ ಇನ್ಸುಲಿನ್ ಇದೆ. ನಾನು ಕೊಟ್ಟೇ ಕೊಡ್ತೀನಿ.

ಉಳಿದದ್ದು: ಹಿಂದೆ ಡಯಾಲಿಸಿಸ್‌ಗೆ ಅಂತ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಇರುವ ಕೈಗೆ ಬಿಪಿ ಪಟ್ಟಿ, ಸೂಜಿ, ಬಿಗಿ ಕಟ್ಟು ಯಾವುದೂ ಬೇಡ. ಕೈಯನ್ನ ಮೈಗೆ ಒತ್ತಿ ಕಟ್ಟಬೇಡಿ, ಮೆತ್ತೆ ಇಟ್ಟು ಹೊರಗೆ ಚಾಚಿ. ಮಲಗಿಸುವ ಮುಂಚೆ ಮತ್ತು ಎಬ್ಬಿಸಿದ ಮೇಲೆ ಬೆರಳಿಟ್ಟು ಆ ಗುಂಯ್‌ಗುಡುವ ಕಂಪನ ಇದೆಯಾ ನೋಡಿ ಬರೆಯಿರಿ. ಕಸಿ ಕೆಲಸ ಮಾಡ್ತಿದೆ ಅಂತ ಫಿಸ್ಟುಲಾ ಬೇಡವಾದ ವಸ್ತು ಅಲ್ಲ. ಸ್ನಾಯು ಸಡಿಲಿಕೆಗೆ ಅಟ್ರಾಕ್ಯೂರಿಯಂ ಅಥವಾ ಸಿಸ್ಅಟ್ರಾಕ್ಯೂರಿಯಂ, ಅವು ಕಿಡ್ನಿಯನ್ನ ನೆಚ್ಚಿಕೊಂಡಿಲ್ಲ. ನೋವಿಗೆ ಫೆಂಟನಿಲ್. ಮಾರ್ಫಿನ್‌ನ ಒಡೆದ ಅಂಶ ದುರ್ಬಲ ಕಿಡ್ನಿಯಲ್ಲಿ ಉಳಿದುಕೊಂಡು ಉಸಿರು ತಗ್ಗಿಸುತ್ತೆ.

#21 ವಾರ್ಡ್ ಸಿಸ್ಟರ್
ನೋವಿನ ಗುಳಿಗೆ ವಿಷಯ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅನ್ಸುತ್ತೆ. ಹರ್ನಿಯಾ ವಾರ್ಡಿನ ಸಿದ್ಧ ಚೀಟಿಯಲ್ಲಿ ಡೈಕ್ಲೊಫಿನಾಕ್ ಅಚ್ಚಾಗಿರುತ್ತೆ. ಡೈಕ್ಲೊಫಿನಾಕ್, ಐಬುಪ್ರೊಫೆನ್, ಕೆಟೊರೊಲ್ಯಾಕ್ ಯಾವುದೂ ಬೇಡ. ಪ್ಯಾರಸಿಟಮಾಲ್ 1 ಗ್ರಾಂ. ಆರು ಗಂಟೆಗೊಮ್ಮೆ, ಗೋಡೆಗೆ ನರದ ಬ್ಲಾಕ್, ಮಿಕ್ಕಿದ್ದಕ್ಕೆ ಸಣ್ಣ ಡೋಸ್ ಒಪಿಯಾಯ್ಡ್.

#22 ನೆಫ್ರಾನ್
ಸರಿಯಾಗಿ ಹೇಳಿದ್ರಿ. ಟ್ಯಾಕ್ರೊಲಿಮಸ್ ಕಿಡ್ನಿಗೆ ರಕ್ತ ತರುವ ಸಣ್ಣ ನಾಳವನ್ನ ಬಿಗಿಮಾಡುತ್ತೆ. ಆ ನಾಳವನ್ನ ತೆರೆದಿಡೋದು ಪ್ರೊಸ್ಟಾಗ್ಲಾಂಡಿನ್. ಡೈಕ್ಲೊಫಿನಾಕ್ ಅದನ್ನೇ ನಿಲ್ಲಿಸುತ್ತೆ. ಒಂದೇ ಕಿಡ್ನಿ, ಎರಡೂ ಕಡೆಯಿಂದ ಕತ್ತು ಹಿಸುಕಿದ ಹಾಗೆ.

#23 ಗಿಬ್ಸನ್ ಗೆರೆ
ಬ್ಲಾಕ್ ಮಾತಿಗೆ ಒಂದು ಎಚ್ಚರಿಕೆ. ಕಸಿ ಬದಿಯಲ್ಲಿ ಟ್ಯಾಪ್ ಬ್ಲಾಕ್ (ಹೊಟ್ಟೆಗೋಡೆಯ ಪದರಗಳ ನಡುವೆ ಮರಗಟ್ಟಿಸುವ ಮದ್ದು ಬಿಡೋದು) ಅನ್ನ ಬೆರಳಂದಾಜಿನಲ್ಲಿ ಹಾಕಬೇಡಿ. ಟ್ರಾನ್ಸ್‌ವರ್ಸಸ್ ದಾಟಿದ ಸೂಜಿಗೆ ಮುಂದೆ ಸಿಗೋದು ಕಿಡ್ನಿ. ಅಲ್ಟ್ರಾಸೌಂಡ್‌ನಲ್ಲಿ ಸೂಜಿ ಮೊನೆ ಕಾಣುತ್ತಲೇ ಇರಬೇಕು. ಇಲ್ಲವೇ ಬೆನ್ನಿನ ಕಡೆಯಿಂದ ಇರೆಕ್ಟರ್ ಸ್ಪೈನೀ ಬ್ಲಾಕ್.

#24 ಕೀಹೋಲ್
ಪಕ್ಕದ ಮಾತು: ದ್ರವಕ್ಕೆ ಇನ್ನೂ ಎಷ್ಟೋ ಕಡೆ "ಕಿಡ್ನಿ ರೋಗಿ, ರಿಂಗರ್ಸ್ ಲ್ಯಾಕ್ಟೇಟ್ ಬೇಡ, ಪೊಟ್ಯಾಷಿಯಂ ಇದೆ" ಅಂತಾರೆ. ಏನಂತೀರಿ?

#25 ಅರಿವಳಿಕೆ ಮೇಜು
ತಪ್ಪು ನಂಬಿಕೆ. ಲೀಟರಿಗೆ 4 ಮಿಲಿಮೋಲ್ ಇರೋ ದ್ರವ ರಕ್ತದ 5 ಅನ್ನ 6 ಮಾಡೋಕಾಗಲ್ಲ. ಆದರೆ ಲೀಟರ್‌ಗಟ್ಟಲೆ ನಾರ್ಮಲ್ ಸಲೈನ್ ಕೊಟ್ಟರೆ ಕ್ಲೋರೈಡ್ ಏರಿ, ರಕ್ತ ಆಮ್ಲವಾಗಿ, ಜೀವಕೋಶದಿಂದ ಪೊಟ್ಯಾಷಿಯಂ ಹೊರಬರುತ್ತೆ. ಸಮತೋಲ ದ್ರವವೇ ಸರಿ.

#26 ಪದರಪದರ
ಮೆಶ್‌ಗೆ ವಾಪಸ್ ಬರೋಣ. ಇಮ್ಯೂನಿಟಿ ತಗ್ಗಿಸಿದ ರೋಗಿ ಅಂದ ಕೂಡಲೇ "ಬಯಾಲಜಿಕಲ್ ಮೆಶ್ ಹಾಕಿ" ಅಂತ, ಅಂದ್ರೆ ಜೀವಿಗಳ ಅಂಗಾಂಶದಿಂದ ಮಾಡಿದ, ಕ್ರಮೇಣ ಕರಗುವ ಜಾಲರಿ ಹಾಕಿ ಅಂತ, ಸಲಹೆ ಬರುತ್ತೆ. ನಿಮ್ಮ ಅಭಿಪ್ರಾಯ?

#27 ಮೆಶ್ ಮಾತು
ಒಪ್ಪಲ್ಲ. ಕರಗುವ ಜಾಲರಿ ಕರಗಿದ ಮೇಲೆ ಹಿಡಿದುಕೊಳ್ಳೋದು ರೋಗಿಯ ಸ್ವಂತ ಕೊಲಾಜೆನ್. ಈ ರೋಗಿಗಳಲ್ಲಿ ಸ್ಟೀರಾಯ್ಡ್ ಆ ಕೊಲಾಜೆನ್ ಅನ್ನೇ ತೆಳ್ಳಗೆ ಮಾಡಿದೆ. ಯಾರಿಗೆ ಶಾಶ್ವತ ಆಸರೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ತಾತ್ಕಾಲಿಕ ಆಸರೆ ಕೊಟ್ಟ ಹಾಗೆ.

2022ರಲ್ಲಿ ಬಂದ ಅಮೆರಿಕದ ಐದು ಕೇಂದ್ರಗಳ ಯಾದೃಚ್ಛಿಕ ಪ್ರಯೋಗ ನೋಡಿ. 253 ರೋಗಿಗಳು, ಕೊಳೆಯ ಸಂಪರ್ಕ ಇದ್ದ ಆಪರೇಷನ್‌ಗಳು. ಎರಡು ವರ್ಷಕ್ಕೆ ಹರ್ನಿಯಾ ಮರಳಿದ್ದು ಪಾಲಿಪ್ರೊಪಿಲೀನ್‌ನಲ್ಲಿ 5.6%, ಬಯಾಲಜಿಕಲ್‌ನಲ್ಲಿ 20.5%. ಕೊಳೆ ಇದ್ದಾಗಲೇ ಹೀಗಾದ್ರೆ ಶುಚಿಯಾದ ಕಸಿ ಹರ್ನಿಯಾದಲ್ಲಿ ಬಯಾಲಜಿಕಲ್‌ಗೆ ವಾದವೇ ಉಳಿಯಲ್ಲ.

#28 ಗಿಬ್ಸನ್ ಗೆರೆ
ಆ ಪ್ರಯೋಗ ಕಸಿ ರೋಗಿಗಳ ಬಗ್ಗೆ ಅಲ್ಲ, ಮೆಶ್ ಇದ್ದದ್ದೂ ರೆಕ್ಟಸ್ ಹಿಂದೆ. ದಿಕ್ಕು ಒಪ್ತೀನಿ, ಅದೇ ಅಂಕಿಯನ್ನ ಇಲ್ಲಿಗೆ ಎತ್ತಿಡೋದು ಬೇಡ.

#29 ಮೆಶ್ ಮಾತು
ಸರಿ, ಅಂಕಿ ಬಿಡಿ. ಯಾವುದನ್ನ ಹಾಕಲೇಬಾರದು ಅನ್ನೋದು ಮುಖ್ಯ: ಇಪಿಟಿಎಫ್ಇ ಅನ್ನೋ ಪ್ಲಾಸ್ಟಿಕ್ ಹಾಳೆ. ಅದರ ರಂಧ್ರ 10 ಮೈಕ್ರಾನ್‌ಗಿಂತ ಚಿಕ್ಕದು. 1 ಮೈಕ್ರಾನ್ ಬ್ಯಾಕ್ಟೀರಿಯಾ ಒಳಗೆ ಕೂರುತ್ತೆ, ಅದನ್ನ ತಿನ್ನುವ ಮ್ಯಾಕ್ರೊಫೇಜ್ ಒಳಗೆ ನುಗ್ಗೋಕಾಗಲ್ಲ. ಸೋಂಕು ಬಂದ್ರೆ ತೆಗೆಯಲೇಬೇಕು. ದೊಡ್ಡ ರಂಧ್ರದ ಪಾಲಿಪ್ರೊಪಿಲೀನ್ ಆದ್ರೆ ಗಾಯ ತೆರೆದು, ತೊಳೆದು, ನೆಗೆಟಿವ್ ಪ್ರೆಷರ್ ಕಟ್ಟು ಹಾಕಿ ಎಷ್ಟೋ ಸಲ ಉಳಿಸಬಹುದು.

#30 ಗುಳಿಗೆ ಲೆಕ್ಕ
ಉಳಿಸುವಾಗ ಒಂದು ಬಲೆ ಇದೆ. ಸ್ಟ್ಯಾಫ್ ಬ್ಯಾಕ್ಟೀರಿಯಾ ಬಂತು, ಮೆಶ್ ಮೇಲೆ ಅದರ ಅಂಟು ಪದರ ಬಯೋಫಿಲ್ಮ್ ಇದೆ ಅಂತ ಯಾರೋ ರಿಫಾಂಪಿಸಿನ್ ಸೇರಿಸ್ತಾರೆ. ಕೆಲವೇ ದಿನದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಪಾತಾಳಕ್ಕೆ, ಹಿಂದೆಯೇ ರಿಜೆಕ್ಷನ್ (ದೇಹ ಕಸಿಯನ್ನ ತಿರಸ್ಕರಿಸೋದು). ಎದುರು ದಿಕ್ಕಲ್ಲಿ ಫ್ಲುಕೊನಜೋಲ್, ಕ್ಲಾರಿತ್ರೊಮೈಸಿನ್ ಮಟ್ಟವನ್ನ ಏರಿಸ್ತವೆ. ಜೆಂಟಾಮೈಸಿನ್ ನೇರವಾಗಿ ಕಿಡ್ನಿಗೆ. ಯಾವ ಆಂಟಿಬಯಾಟಿಕ್ ಶುರು ಮಾಡಿದ್ರೂ 2-3 ದಿನದಲ್ಲಿ ಮಟ್ಟ ನೋಡಿ.

ತಡೆಗೆ: ಸೆಫಜೊಲಿನ್ 2 ಗ್ರಾಂ., 120 ಕೆ.ಜಿ. ದಾಟಿದವರಿಗೆ 3 ಗ್ರಾಂ., ಕೊಯ್ಯುವ 60 ನಿಮಿಷದೊಳಗೆ. 4 ಗಂಟೆ ದಾಟಿದರೆ ಮತ್ತೊಂದು. 24 ಗಂಟೆ ಆಚೆಗೆ ಎಳೆಯೋದರಿಂದ ಲಾಭ ಇಲ್ಲ.

#31 ಕೀಹೋಲ್
ಹೊಲಿಗೆಗೆ ಸ್ಟಿಚ್ ಟ್ರಯಲ್ ಲೆಕ್ಕ ಇದೆಯಲ್ಲ, 5 ಮಿ.ಮೀ. ಅಂಚು, 5 ಮಿ.ಮೀ. ಅಂತರ, ದಾರ ಗಾಯದ ನಾಲ್ಕು ಪಟ್ಟು. ಅದನ್ನೇ ಇಲ್ಲೂ ಅನುಸರಿಸಿ.

#32 ಮೆಶ್ ಮಾತು
ಅದು ನಡುಗೆರೆಯನ್ನ ಮೊದಲ ಸಲ ಮುಚ್ಚುವಾಗಿನ ಪ್ರಯೋಗ. 2-0 ಪಿಡಿಎಸ್, ವರ್ಷಕ್ಕೆ ಹರ್ನಿಯಾ 21% ಇದ್ದದ್ದು 13%. ಹರ್ನಿಯಾ ಅಂಚು ಗಾಯದ ಕಲೆ, ಅದೂ ಓರೆ ಸ್ನಾಯು. 5 ಮಿ.ಮೀ. ಕಚ್ಚಿದ್ರೆ ಎಳೆಗಳ ನಡುವೆ ಜಾರುತ್ತೆ. ಇಲ್ಲಿ 1 ಸೆಂ.ಮೀ. ಕಚ್ಚಿ, ಸ್ನಾಯುವಿನ ಗಟ್ಟಿ ಹಾಳೆ ಅಪೊನ್ಯೂರೋಸಿಸ್ ಸಿಗಲೇಬೇಕು. ನಾಲ್ಕು ಪಟ್ಟು ದಾರ ಅನ್ನೋದು ಮಾತ್ರ ಸರಿ.

#33 ಗಿಬ್ಸನ್ ಗೆರೆ
ಸೀಳು ಮುಚ್ಚುವ ಹಟದಲ್ಲಿ ಎಲ್ಲರೂ ಮರೆಯುವ ಅಪಾಯ: ಕಿಡ್ನಿಯನ್ನೇ ಒತ್ತೋದು. ಹರ್ನಿಯಾ ಇದ್ದಾಗ ಕಿಡ್ನಿಗೆ ಮುಂದೆ ಜಾಗ ಇತ್ತು. ಬಿಗಿಯಾಗಿ ಎಳೆದು ಮುಚ್ಚಿದ ಕೂಡಲೇ ಹಿಂದೆ ಇಲಿಯಾಕ್ ಎಲುಬು, ಮುಂದೆ ಹೊಲಿದ ಗೋಡೆ. ಮೊದಲು ರಕ್ತನಾಳ ಮಡಚುತ್ತೆ, ಅದರಲ್ಲೂ ವೇನ್.

ಮೇಜಿನ ಮೇಲೆ ನೋಡಬೇಕಾದ್ದು: ಎರಡು ಅಂಚನ್ನ ಅಲಿಸ್ ಕ್ಲಾಂಪ್‌ನಲ್ಲಿ ಕೂಡಿಸಿ ಐದು ನಿಮಿಷ ಹಿಡಿಯಿರಿ. ಸ್ಟೆರೈಲ್ ಹೊದಿಕೆ ಹಾಕಿದ ಡಾಪ್ಲರ್ ಪ್ರೋಬ್ ಇಟ್ಟು ಹೃದಯ ಸಡಿಲವಾಗುವ ಡಯಾಸ್ಟೋಲ್‌ನಲ್ಲಿ ರಕ್ತ ಮುಂದಕ್ಕೆ ಹರೀತಿದೆಯಾ ನೋಡಿ. ಹರಿವು ನಿಂತರೆ, ಹಿಮ್ಮುಖ ಆದ್ರೆ, ಕ್ಲಾಂಪ್ ಬಿಡಿ. ಆ ಸೀಳನ್ನ ಪೂರ್ತಿ ಮುಚ್ಚಬಾರದು. ನಡುವೆ ಮೆಶ್ ಸೇತುವೆ ಬಿಡೋದು ಹರ್ನಿಯಾ ಪುಸ್ತಕದಲ್ಲಿ ತಪ್ಪು ಇರಬಹುದು, ಇಲ್ಲಿ ಕಿಡ್ನಿ ಉಳಿಯುತ್ತೆ. ಅಡಿಗೆ ಪೆರಿಟೋನಿಯಂ ಅಥವಾ ಚೀಲದ ತುಂಡು ಹೊದಿಸಿ, ಮೆಶ್ ನೇರ ಕಿಡ್ನಿಗೆ ತಾಗದಿರಲಿ. ಮುಂದೆ ಬಯಾಪ್ಸಿ ಬೇಕಾದಾಗಲೂ ಆ ಪದರ ಉಪಯೋಗಕ್ಕೆ ಬರುತ್ತೆ.

#34 ಕೀಹೋಲ್
ಬಿಗಿ ಇದ್ರೆ ಟಿಎಆರ್ (ಒಳಗಿನ ಟ್ರಾನ್ಸ್‌ವರ್ಸಸ್ ಸ್ನಾಯುವನ್ನ ಕತ್ತರಿಸಿ ಬಿಡಿಸೋದು) ಮಾಡಿ ಸಡಿಲಿಸಬಹುದಲ್ಲ?

#35 ಮೆಶ್ ಮಾತು
ಕಸಿ ಬದಿಯಲ್ಲಿ ಬೇಡವೇ ಬೇಡ. ಟ್ರಾನ್ಸ್‌ವರ್ಸಸ್ ಕತ್ತರಿಸಿದ ಮರುಕ್ಷಣ ಕೈ ಇರೋದು ಕಿಡ್ನಿಯ ಮೇಲೆ. ಮುಂದಿನಿಂದ ಎಕ್ಸ್‌ಟರ್ನಲ್ ಆಬ್ಲಿಕ್ ಬಿಡುಗಡೆಯೂ ಅಲ್ಲಿ ನಡೆಯಲ್ಲ, ಗಿಬ್ಸನ್ ಗೆರೆಯಲ್ಲಿ ಅದು ಒಮ್ಮೆ ಕತ್ತರಿಸಿ ಆಗಿದೆ. ನಡುಗೆರೆ ಹರ್ನಿಯಾ ಆದ್ರೆ ಎದುರು ಬದಿಯಲ್ಲಿ ಮಾತ್ರ ಟಿಎಆರ್ ಮಾಡಿ, ಈ ಬದಿಯಲ್ಲಿ ರೆಕ್ಟಸ್ ಹಿಂದೆ ನಿಲ್ಲಿಸಬಹುದು.

#36 ಪದರಪದರ
ಹೊರ ಅಂಚು ಎಲುಬಿಗೆ 2 ಸೆಂ.ಮೀ. ಮಾತ್ರ ಇದ್ರೆ ಮೆಶ್ ಚಾಚು ಎಲ್ಲಿಂದ ಬರಬೇಕು?

#37 ಮೆಶ್ ಮಾತು
ಎಲುಬೇ ಅಂಚು. ಇಲಿಯಾಕ್ ಕ್ರೆಸ್ಟ್‌ಗೆ ದಾರ ಇರುವ ಬೋನ್ ಆಂಕರ್, 2-3 ಸೆಂ.ಮೀ.ಗೊಂದು, ಆ ದಾರದಲ್ಲಿ ಮೆಶ್ ಕಟ್ಟಿ. ಡ್ರಿಲ್ ಹಾಕುವಾಗ ಒಳಬದಿಯಲ್ಲಿ ಅಗಲ ರಿಟ್ರಾಕ್ಟರ್ ಇಟ್ಟು ಕಿಡ್ನಿ ಕಾಯಿರಿ. ಮುಂದಿನ ಇಲಿಯಾಕ್ ಮೊನೆಯ ಒಳಬದಿಗೆ 1-2 ಸೆಂ.ಮೀ.ನಲ್ಲಿ ತೊಡೆಯ ಹೊರಚರ್ಮದ ನರ ಸಾಮಾನ್ಯವಾಗಿ ಹಾಯುತ್ತೆ, ಅಲ್ಲಿ ಹೊಲಿಗೆ ಬಿಗಿದ್ರೆ ತೊಡೆ ಉರಿ ಬಿಡಲ್ಲ.

#38 ವಾರ್ಡ್ ಸಿಸ್ಟರ್
ಆಪರೇಷನ್ ಆದ ಮೇಲೆ ಏನು ನೋಡಬೇಕು ಅಂತ ಯಾರೂ ಬರೀಲಿಲ್ಲ. ಮೊದಲ 24 ಗಂಟೆ ಮೂತ್ರ ಗಂಟೆಗೊಮ್ಮೆ. ಕಮ್ಮಿ ಆದ್ರೆ ಮೊದಲು ಕೊಳವೆ ಮಡಚಿದೆಯಾ, ಹೊಟ್ಟೆ ಪಟ್ಟಿ ಬಿಗಿ ಇದೆಯಾ ನೋಡಿ. ಪಟ್ಟಿಯನ್ನ ಬಿಚ್ಚಿ ಹತ್ತು ನಿಮಿಷದಲ್ಲಿ ಮೂತ್ರ ಬಂದದ್ದೂ ಉಂಟು. ಕಸಿ ಮೇಲೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಇರಬೇಕು. ಹೊಲಿಗೆ ಅಥವಾ ಸ್ಟೇಪಲ್ ಬಿಚ್ಚೋದು 10ನೇ ದಿನಕ್ಕೆ ಅಲ್ಲ, 3 ವಾರಕ್ಕೆ.

#39 ನೆರಳುಬೆಳಕು
ಪಟ್ಟಿ ಬಿಚ್ಚಿದ ಮೇಲೂ ಮೂತ್ರ ಬರದಿದ್ರೆ ದ್ರವ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ಮಂಚದ ಪಕ್ಕದಲ್ಲೇ ಡಾಪ್ಲರ್.

ಇನ್ನೊಂದು ಅಪರೂಪದ್ದು ಹೇಳಿಬಿಡ್ತೀನಿ, ತಪ್ಪಿದ್ರೆ ಜೀವ ಹೋಗುತ್ತೆ. ಹೊರಗೆ ಉಬ್ಬೇ ಇಲ್ಲ, ವಾಂತಿ, ಕಸಿ ಮೇಲೆ ನೋವು. ಎಲ್ಲರೂ ರಿಜೆಕ್ಷನ್ ಅಂದುಕೊಳ್ತಾರೆ. ಕಸಿ ವೇಳೆ ಹರಿದ ಪೆರಿಟೋನಿಯಂ ಕಿಂಡಿಯಿಂದ ಕರುಳು ಕಿಡ್ನಿಯ ಪಕ್ಕಕ್ಕೆ ನುಗ್ಗಿ ಸಿಕ್ಕಿಕೊಂಡಿರುತ್ತೆ. ಸ್ಟೀರಾಯ್ಡ್ ಇರೋದರಿಂದ ಹೊಟ್ಟೆ ಬಿಗಿ ಆಗಿರಲ್ಲ, ಜ್ವರವೂ ಇರಲ್ಲ. ಸಿಟಿ ಮಾಡಿದ್ರೆ ಮಾತ್ರ ಸಿಗುತ್ತೆ. ಲಿಂಫೋಸೀಲ್‌ಗೆ ಅಂತ ಪೆರಿಟೋನಿಯಂನಲ್ಲಿ ಕಿಟಕಿ ಮಾಡಿದವರಲ್ಲೂ ಇದೇ ಆಗಬಹುದು.

#40 ಗಿಬ್ಸನ್ ಗೆರೆ
ಅದಕ್ಕೇ ಕಸಿ ದಿನ ಪೆರಿಟೋನಿಯಂ ಹರಿದ್ರೆ ಅಲ್ಲೇ ಹೊಲಿಯಬೇಕು. ನಂತರ ಹರ್ನಿಯಾ ಆಪರೇಷನ್‌ನಲ್ಲೂ ಅಷ್ಟೇ, ಚೀಲದ ಕಿಂಡಿ ಎಷ್ಟೇ ಚಿಕ್ಕದಿರಲಿ ಮುಚ್ಚಿ.

#41 ಪದರಪದರ
ಇಷ್ಟು ಓದಿದ ಮೇಲೆ ಮೊದಲ ಪೋಸ್ಟ್‌ನ ಯೋಜನೆ ಹೀಗೆ ಬದಲಾಗುತ್ತೆ: ಎವೆರೊಲಿಮಸ್ ನಿಲ್ಲಿಸಿ ಟ್ಯಾಕ್ರೊಲಿಮಸ್ ಏರಿಸಿ 4 ವಾರ. ಅಷ್ಟರಲ್ಲಿ ತೂಕ ಇಳಿಸೋದು, ಸಕ್ಕರೆ ಇದ್ರೆ ಎಚ್‌ಬಿಎ1ಸಿ 8ರ ಕೆಳಗೆ, ಬೀಡಿ ಸಿಗರೇಟ್ ಬಂದ್. ಮುಕ್ಕಿ ತೆಗೆದ ಸಿಟಿ, ಡಾಪ್ಲರ್ ಅಂಕಿ. ತೆರೆದ ಆಪರೇಷನ್, ಎರಡು ಆಬ್ಲಿಕ್ ನಡುವೆ ಪಾಲಿಪ್ರೊಪಿಲೀನ್, ಮೆಶ್ ಮೇಲೆ ಒಂದು ಡ್ರೈನ್. ಡ್ರೈನ್ ಯಾವಾಗ ತೆಗೀತೀರಿ?

#42 ಮೆಶ್ ಮಾತು
ದಿನಕ್ಕೆ 30 ಮಿ.ಲೀ.ಗಿಂತ ಕಮ್ಮಿ, ಸತತ ಎರಡು ದಿನ. ಅದು ಹತ್ತು ದಿನ ಆದ್ರೂ ಸರಿ. ತೆಗೆದ ಮೇಲೆ ಸಣ್ಣ ಸೀರೋಮಾ (ಗಾಯದಲ್ಲಿ ತಿಳಿನೀರು ಕಟ್ಟೋದು) ಆದ್ರೆ ಸೂಜಿ ಚುಚ್ಚಬೇಡಿ, ಶುಚಿ ನೀರಿಗೆ ನೀವೇ ಸೋಂಕು ಹಾಕಿದ ಹಾಗೆ.

#43 ನೆಫ್ರಾನ್
ಡ್ರೈನ್ ಇಳಿಯದೆ ದಿನಕ್ಕೆ 200-300 ಬರ್ತಾ ಇದ್ರೆ ಆ ದ್ರವದ ಕ್ರಿಯಾಟಿನಿನ್ ಮತ್ತು ಅದೇ ಹೊತ್ತಿನ ರಕ್ತದ ಕ್ರಿಯಾಟಿನಿನ್ ಕಳಿಸಿ. ಎರಡೂ 1.4 ಅಂದ್ರೆ ಸೀರೋಮಾ ಅಥವಾ ಲಿಂಫ್, ಕಾಯಬಹುದು. ದ್ರವದಲ್ಲಿ 15, 20 ಬಂದ್ರೆ ಅದು ಮೂತ್ರ. ಅವತ್ತೇ ಮೂತ್ರದ ಕೊಳವೆ ವಾಪಸ್ ಹಾಕಿ, ಯುರೇಟರ್ ಎಲ್ಲಿ ಹರಿದಿದೆ ಅಂತ ಹುಡುಕೋಕೆ ಗಿಬ್ಸನ್ ಗೆರೆಯವರನ್ನ ಕರೀರಿ.

#44 ಗಿಬ್ಸನ್ ಗೆರೆ
ಕರೆಯುವ ಮುಂಚೆ ದ್ರವದ ಪೊಟ್ಯಾಷಿಯಂ ಕೂಡ ಅದೇ ಬಾಟಲಿಯಿಂದ ಕಳಿಸಿ, ಮೂತ್ರ ಆದ್ರೆ ಅದೂ ರಕ್ತಕ್ಕಿಂತ ಜಾಸ್ತಿ ಇರುತ್ತೆ. ಡ್ರೈನ್ ಮಾತ್ರ ಎಳೀಬೇಡಿ.